ಅವ್ವನ ಕಾಡಿಗೆ ಡಬ್ಬಿ

“ಮನೇಲಿ ಕಾಡಿಗೆ ಐತೇನಮ್ಮಾ?”

ತೊಂಬತ್ತರ ದಶಕದ ಒಂದು ಮಧ್ಯಾಹ್ನ, ಅಕ್ಕಿಹೆಬ್ಬಾಳಿನ ನಮ್ಮ ಅಂಗಳದಲ್ಲಿ ಅಪ್ಪನ ಬೈಕು ಬಿಚ್ಚಿಕೊಂಡು ಕೂತಿದ್ದ ಕೆ.ಆರ್. ಪೇಟೆಯ ಮೆಕ್ಯಾನಿಕ್ ಸಾಬರು ಅವ್ವನನ್ನು ಹೀಗೆ ಕೇಳಿದಾಗ ನಾನು ತಬ್ಬಿಬ್ಬಾದೆ.

ಅಪ್ಪ ತೀರಿಕೊಂಡ ಮೇಲೆ ಅಣ್ಣ, ಬೈಕು ಇನ್ನೂ ಜೋರಾಗಿ ಓಡಲೆಂದು ಎಂಜಿನ್ನಿನ ಹೆಡ್ಡು ಕೆರೆಸಿ ತೆಳ್ಳಗೆ ಮಾಡಿಸಿದ್ದ. ವಾಲ್ವು ಎತ್ತುವ ಹಳೇ ಪುಶ್‌ರಾಡು ಕಡ್ಡಿಗಳು ತೆಳುವಾದ ಹೆಡ್ಡಿಗೆ ಉದ್ದವಾಗಿ, ವಾಲ್ವು ಮುಚ್ಚದೆ, ಬೈಕು ಮೂಕವಾಗಿತ್ತು. ಈ ಸಲವೂ ಓಡದಿದ್ದರೆ ಗುಜರಿಗೆ ಹಾಕುವುದೆಂದು ಅಣ್ಣ ಹೇಳಿಯಾಗಿತ್ತು.

ಅವ್ವ ಒಳಗಿಂದ ತನ್ನ ಕಾಡಿಗೆ ಡಬ್ಬಿ ತಂದಳು. ಅಪ್ಪ ಹೋದಂದಿನಿಂದ ಅದನ್ನು ಅವಳು ತೆರೆದಿರಲಿಲ್ಲ. ಸಾಬರು ವಾಲ್ವಿನ ತುದಿಗೆ ಕಾಡಿಗೆ ಸವರಿ, ಉದ್ದ ಹೆಚ್ಚುಕಮ್ಮಿ ಮಾಡಬಹುದಾದ ತಿರುಪಿನ ಕಡ್ಡಿಯೊಂದನ್ನು ಪುಶ್‌ರಾಡಿನ ಜಾಗಕ್ಕಿಟ್ಟು, ಎಂಜಿನ್ನನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿದರು. ವಾಲ್ವು ಒತ್ತುವ ತೋಳು ಕಾಡಿಗೆಯಲ್ಲಿ ಉಜ್ಜಿದ ಗೆರೆ ತುದಿಯ ಅಂಚಿಗೆ ಬಿದ್ದಿತ್ತು; ಕಡ್ಡಿಯ ಅಳತೆ ಇನ್ನೂ ಕೂಡಿರಲಿಲ್ಲ. ಒರೆಸಿ, ತಿರುಪು ಸರಿಮಾಡಿ, ಮತ್ತೆ ಸವರಿದರು. ಹೊಳೆಯ ಕಡೆಯ ಗಾಳಿಗೆ ಹೊತ್ತು ನಿಂತೇಬಿಟ್ಟಂತಿತ್ತು. ಮೂರನೇ ಸಲ ಗೆರೆ ನಟ್ಟನಡುವೆ ಬಂತು.

“ಇದೇ ಅಳತೆ ಕಣಮ್ಮ, ಇನ್ನು ಪುಶ್‌ರಾಡ್ನ ಇಷ್ಟುದ್ದಕ್ಕೆ ಕೊಯ್ಬೋದು. ಮೊದ್ಲೇ ಕೊಯ್ದ್ಬುಟ್ಟಿದ್ರೆ ಮತ್ತೆ ಬೆಳ್ಸಕ್ಕಾಯ್ತಿತ್ತಾ?” ಎಂದು ಅವ್ವನತ್ತ ನೋಡಿ ನಕ್ಕರು.

ಸಂಜೆ ಬೈಕು ಗುಡುಗುಡು ಎಂದಿತು. ಅಡುಗೆಮನೆಯಲ್ಲಿದ್ದ ಅವ್ವ, ಅಪ್ಪ ಬರುತ್ತಿದ್ದಾಗಿನಂತೆಯೇ, ಕೈ ಒರೆಸಿಕೊಳ್ಳುತ್ತಾ ಗೇಟು ತೆಗೆಯಲು ಓಡಿಬಂದಳು. ಗೇಟು ಹಿಡಿದು ಹಾಗೇ ನಿಂತಳು. ಅವಳ ಕಣ್ಣಲ್ಲಿ ತೆಳುವಾಗಿ ಕಾಡಿಗೆಯಿತ್ತು.