ಕಾಣದೆ ಬರೆದ ಒಂದು ಸಾಲು

ಸಫಿಯಾ ಅವರೇ, ನಿಮ್ಮ ಮಗಳ ಅಪೆಂಡಿಕ್ಸನ್ನು ನಾನು ಅಂದು ನೋಡಿರಲಿಲ್ಲ. ನೋಡದೆಯೇ ‘ಸರಿಯಾಗಿದೆ’ ಎಂಬ ವರದಿಗೆ ಸಹಿ ಹಾಕಿದೆ. ಒಂಬತ್ತು ವರ್ಷಗಳಿಂದ ಇದನ್ನು ಯಾರಿಗೂ ಹೇಳಿಲ್ಲ — ಹೆಂಡತಿಗೂ ಇಲ್ಲ.

ಆಗ ನಾನು ಬೆಳಿಗ್ಗೆ ಬಂಟ್ವಾಳದಲ್ಲಿ, ಮಧ್ಯಾಹ್ನದ ಮೇಲೆ ಮೂಡುಬಿದಿರೆಯಲ್ಲಿ ಸ್ಕ್ಯಾನಿಂಗ್ ಮಾಡುತ್ತಿದ್ದೆ. ಶಾಹಿನಾಗೆ ಹದಿಮೂರು ವರ್ಷ. ಹೊಟ್ಟೆಯ ಬಲಬದಿಯನ್ನು ಹಿಡಿದುಕೊಂಡು, ಬಗ್ಗಿಕೊಂಡೇ ಒಳಗೆ ಬಂದಳು. “ಭಾರೀ ನೋವುಂಟು ಡಾಕ್ಟ್ರೇ, ನಿನ್ನೆಯಿಂದ ಏನೂ ತಿನ್ಲಿಲ್ಲ,” ಎಂದಿರಿ ನೀವು. ಅಪೆಂಡಿಕ್ಸ್ ಹುಡುಕಲು ತಾಳ್ಮೆ ಬೇಕು. ಸ್ಕ್ಯಾನಿಂಗ್ ಯಂತ್ರದ ಪ್ರೋಬನ್ನು ಹೊಟ್ಟೆಯ ಮೇಲಿಟ್ಟು ಮೆಲ್ಲಮೆಲ್ಲಗೆ ಒತ್ತುತ್ತ, ಕರುಳಿನ ಗ್ಯಾಸನ್ನು ಬದಿಗೆ ಸರಿಸಬೇಕು. ಊದಿಕೊಂಡಿದ್ದರೆ, ಒತ್ತಿದರೂ ಚಪ್ಪಟೆಯಾಗದ, ಕಿರುಬೆರಳಿನಂಥ ಒಂದು ನಳಿಗೆ ಕಾಣುತ್ತದೆ. ನಾನು ಒಂದೇ ಸಲ ಒತ್ತಿದೆ. ಅವಳು ಕಿರುಚಿದಳು. ಕೈ ತೆಗೆದೆ. ತೆರೆಯ ಮೇಲೆ ಗ್ಯಾಸಿನ ಬಿಳಿ ಮಬ್ಬು, ಅಷ್ಟೆ. ಒತ್ತಿದಲ್ಲೇ ಅಷ್ಟು ನೋವೆಂದರೆ ಏನರ್ಥ ಎಂದು ನನಗೆ ಗೊತ್ತಿತ್ತು — ಗೊತ್ತಿದ್ದೂ...

ಅರ್ಧ ಗಂಟೆ ಬಿಟ್ಟು ಮತ್ತೆ ನೋಡಬಹುದಿತ್ತು. ಹೊರಗೆ ಬೆಂಚಿನಲ್ಲಿ ಹನ್ನೊಂದು ಮಂದಿ ಸ್ಕ್ಯಾನಿಂಗಿಗೆಂದು ನೀರು ಕುಡಿದು, ಮೂತ್ರ ತಡೆದುಕೊಂಡು ಕೂತಿದ್ದರು. ಮೂಡುಬಿದಿರೆಯಿಂದ ಫೋನಿನ ಮೇಲೆ ಫೋನು. ನಮ್ಮ ಕಂಪ್ಯೂಟರಿನಲ್ಲಿ ವರದಿಯೊಂದು ಮೊದಲೇ ಸಿದ್ಧವಿರುತ್ತದೆ: ಲಿವರ್ ಸರಿ, ಕಿಡ್ನಿ ಸರಿ, ಅಪೆಂಡಿಕ್ಸ್ ಸರಿ. ತೊಂದರೆ ಇರುವ ಸಾಲನ್ನು ಮಾತ್ರ ನಾವು ತಿದ್ದುವುದು. ಆ ಸಾಲಿನ ಮೇಲೆ ನನ್ನ ಕಣ್ಣು ನಿಂತಿತ್ತು. ‘ಕಾಣಲಿಲ್ಲ’ ಎಂದು ತಿದ್ದಿದರೆ, ನಿಮ್ಮನ್ನು ಕಳಿಸಿದ್ದ ಸರ್ಜನ್ ಮತ್ತೆ ನನ್ನ ಬಳಿಗೇ ಕಳಿಸುತ್ತಾರೆ — ತಿದ್ದಲಿಲ್ಲ. “ಏನೂ ಇಲ್ಲ, ಗ್ಯಾಸ್ ಇರಬೇಕು. ಹೆದರ್ಬೇಡಿ,” ಎಂದೆ. ವರದಿ ನಂಬಿ ಸರ್ಜನ್ ನಿಮ್ಮನ್ನು ಮನೆಗೆ ಕಳಿಸಿದರು.

ಮೂರನೆಯ ದಿನ ಅಪೆಂಡಿಕ್ಸ್ ಒಡೆಯಿತು. ಅವಳು ಮಂಗಳೂರಿನ ಆಸ್ಪತ್ರೆಯಲ್ಲಿ ಇದ್ದಷ್ಟೂ ದಿನ, ಫೋನ್ ಸದ್ದಾದರೆ ಸಾಕು, ಮಂಗಳೂರಿನ ನಂಬರೋ ಎಂದು ಮೊದಲು ನೋಡುತ್ತಿದ್ದೆ. ಮಗು ಉಳಿಯದಿದ್ದರೆ ಎಂಬ ಹೆದರಿಕೆಗಿಂತ, ಯಾರಾದರೂ ಆ ವರದಿಯನ್ನು ಕೇಳಿದರೆ ಎಂಬ ಹೆದರಿಕೆಯೇ ದೊಡ್ಡದಾಗಿತ್ತು. ಇದನ್ನೂ ಹೇಳಿಬಿಡಬೇಕು.

ಅವಳು ಉಳಿದಳು. ನೀವು ಜಗಳಕ್ಕೆ ಬರುತ್ತೀರೆಂದು ಕಾದೆ. ನೀವು ಬಂದದ್ದು ಖರ್ಜೂರದ ಪೊಟ್ಟಣ ಹಿಡಿದುಕೊಂಡು. “ನಿಮ್ಮ ಸ್ಕ್ಯಾನಿಂಗಿನಲ್ಲಿ ಏನೂ ಇರ್ಲಿಲ್ಲ. ಮತ್ತೆ ನೋವು ಜಾಸ್ತಿ ಆದಾಗ ನಾನೇ ಗ್ಯಾಸ್ ಅಂತ ಓಮದ ನೀರು ಕೊಟ್ಟು ಎರಡು ದಿನ ಮನೆಯಲ್ಲಿ ಮಲಗಿಸಿದೆ. ತಪ್ಪು ನನ್ನದೇ ಡಾಕ್ಟ್ರೇ,” ಎಂದು ಅತ್ತಿರಿ. ನಾನು — ಪೊಟ್ಟಣವನ್ನು ತೆಗೆದುಕೊಂಡೆ.

ಮೊನ್ನೆ ನಿಮ್ಮ ಫೋನ್ ಬಂತು. ಶಾಹಿನಾ ಈಗ ನಾಲ್ಕು ತಿಂಗಳ ಬಸುರಿ. “ಬೆಳ್ತಂಗಡಿಯಲ್ಲಿ ಗಂಡನ ಮನೆಯ ಹತ್ತಿರವೇ ಸ್ಕ್ಯಾನಿಂಗ್ ಉಂಟು. ಆದ್ರೆ ನನಗೆ ನಿಮ್ಮ ಕಣ್ಣಿನ ಮೇಲೆಯೇ ನಂಬಿಕೆ. ಮಂಗಳವಾರ ಕರ್ಕೊಂಡು ಬರ್ತೇನೆ.”

ಫೋನಿಟ್ಟವನೇ ಹಳೆಯ ಫೈಲುಗಳನ್ನು ಹುಡುಕಿದೆ. ಆ ಹಳೆಯ ವರದಿಯ ಪ್ರತಿಯನ್ನು ಈ ಕಾಗದದ ಜೊತೆಗಿಟ್ಟಿದ್ದೇನೆ. ಯಾರಿಗೆ ಬೇಕಾದರೂ ತೋರಿಸಿ. ಆ ಎರಡು ದಿನದ ತಪ್ಪು ನಿಮ್ಮದಲ್ಲ, ಸಫಿಯಾ ಅವರೇ. ನನ್ನದು. ನಾಳೆ ಪಾಣೆಮಂಗಳೂರಿನ ನಿಮ್ಮ ಮನೆಗೆ ಇದನ್ನು ನಾನೇ ತಂದುಕೊಡುತ್ತೇನೆ. ನೀವು ಓದಿ ಮುಗಿಸುವವರೆಗೆ ಅಂಗಳದಲ್ಲಿ ನಿಂತಿರುತ್ತೇನೆ.