ಹುಳುಮನೆಯಲ್ಲಿ ಹಾಡಿದ ಪದ

ಮೊನ್ನೆ ಕರೆಂಟು ಹೋದಾಗ ಸೊಸೆ ಅಟ್ಟದಿಂದ ಹಳೆಯ ಲಾಟೀನು ಇಳಿಸಿ ಹಚ್ಚಿದಳು. ಸೀಮೆಎಣ್ಣೆಯ ಹೊಗೆ, ಕಾದ ತಗಡಿನ ವಾಸನೆ... ನರ್ಸಮ್ಮ ನೆನಪಾದರು. ಐವತ್ತು ವರ್ಷ ದಾಟಿರಬೇಕು.

ನಾನಾಗ ನಂದಗುಡಿ ಪಕ್ಕದ ಹಳ್ಳಿಗೆ ಹೊಸದಾಗಿ ಸೊಸೆಯಾಗಿ ಬಂದವಳು. ಎರಡನೇ ಮಹಾಯುದ್ಧದ ಕಾಲ. ಬಾಣಂತನ, ಕೂಸಿನ ಆರೈಕೆ ತಿಳಿಸಿಕೊಡಲು ಸರ್ಕಾರದವರು ನೇಮಿಸಿದ್ದ ನರ್ಸಮ್ಮ ಎತ್ತಿನಗಾಡಿಯಲ್ಲಿ ಊರೂರು ಸುತ್ತುತ್ತಿದ್ದರು. ಜೊತೆಗೆ ಒಂದು ತಗಡಿನ ಪೆಟ್ಟಿಗೆ, ಮ್ಯಾಜಿಕ್ ಲ್ಯಾಂಟರ್ನ್. ಒಳಗೆ ದೀಪ ಹಚ್ಚಿ ಮುಂದೆ ಗಾಜಿನ ಚಿತ್ರ ತೂರಿಸಿದರೆ, ಎದುರಿಗೆ ಕಟ್ಟಿದ ಪಂಚೆಯ ಮೇಲೆ ಅದು ಆಳೆತ್ತರಕ್ಕೆ ಮೂಡುತ್ತಿತ್ತು. ಚಿತ್ರದಲ್ಲಿ ಬಿಳೀ ಹೆಂಗಸರು, ದುಂಡು ದುಂಡು ಮಕ್ಕಳು. ನಮ್ಮವರು ನೋಡಿ, ಚೆನ್ನಾಗಿದೆ ಎಂದು ಎದ್ದು ಹೋಗುತ್ತಿದ್ದರು.

ಆ ವರ್ಷ ನನ್ನ ಓರಗಿತ್ತಿ ಹಡೆದ ಗಂಡುಕೂಸು ವಾರದೊಳಗೆ ದವಡೆ ಕಚ್ಚಿಕೊಂಡು, ಮೈ ಸೆಟೆದು ತೀರಿಕೊಂಡಿತು. ಹೊಕ್ಕುಳಬಳ್ಳಿ ಕೊಯ್ದದ್ದು ಕುಡುಗೋಲಿನಲ್ಲಿ, ಮೇಲೆ ಸಗಣಿಯ ಬೂದಿ ಮೆತ್ತಿದ್ದರು. ಎಲ್ಲರ ಮನೆಯಲ್ಲೂ ಹಾಗೇ. ಸುದ್ದಿ ತಿಳಿದು ಬಂದ ನರ್ಸಮ್ಮ ಜಗಲಿಯ ಮೇಲೆ ಕುಳಿತರು. ನಮ್ಮತ್ತೆಗೆ ಹೇಳಿದರು:

“ಕುದಿಸಿದ ಕತ್ತರೀಲಿ ಬಳ್ಳಿ ಕೊಯ್ರಿ, ಬೂದಿ ಮೆತ್ಬೇಡಿ ಅಂತ ಹೇಳಿ ಹೇಳಿ ಸಾಕಾಗೋಯ್ತು ಕಣಮ್ಮ. ನನ್ ಮಾತು ಯಾರ್ ಕಿವಿಗೂ ಬೀಳಲ್ಲ. ರಾಗಿ ಬೀಸೋವಾಗ ಹಾಡ್ತೀರಲ್ಲ, ಆ ರಾಗದಲ್ಲಿ ಇದನ್ನ ಹಾಡ್ತೀರಾ?”

“ಹೆರಿಗೆ ಇಚಾರ ಪದ ಕಟ್ಟೋದಾ? ನಗ್ತಾರೆ.”

ಒಳಗೆ ಓರಗಿತ್ತಿ ಹಾಲು ಕಟ್ಟಿದ ಎದೆ ಹಿಂಡಿಕೊಳ್ಳುತ್ತ ನರಳುತ್ತಿದ್ದಳು. ಅತ್ತೆ ಆ ಕಡೆ ನೋಡಿದರು. “ನಕ್ರೆ ನಗ್ಲಿ ಬುಡಿ,” ಅಂದರು.

ನರ್ಸಮ್ಮ ಗಾಜಿನ ಮೇಲೆ ತಾವೇ ಬಣ್ಣ ಬಳಿದರು. ಬಿಳೀ ಹೆಂಗಸಿನ ಬದಲು ಸೆರಗು ಹೊದ್ದ ನಮ್ಮೂರ ಬಾಣಂತಿ, ಮಣ್ಣಿನ ಒಲೆ, ಮಡಕೆಯಲ್ಲಿ ಕುದಿಯುವ ಕತ್ತರಿ. ಬಾಣಂತಿಯ ಕೈ ಒಂದು ಉದ್ದ, ಒಂದು ಗಿಡ್ಡ, ಒಲೆ ವಾಲಿತ್ತು. ಗಂಡಸರೆದುರು ತೋರಿಸುವಂತಿರಲಿಲ್ಲ. ಗೂಡು ಮಾರಿ ಖಾಲಿಯಾಗಿದ್ದ ನಮ್ಮ ರೇಷ್ಮೆ ಹುಳುಮನೆಯ ಕಿಟಕಿಗೆ ಗೋಣಿಚೀಲ ಕಟ್ಟಿ, ಹಾಡಹಗಲೇ ಕತ್ತಲು ಮಾಡಿಕೊಂಡೆವು. ಅತ್ತೆ ಹಾಡಿದರು:

ಕುಡುಗೋಲು ಬ್ಯಾಡವ್ವ, ಕುದಿನೀರು ಕಾಸವ್ವ,
ಹಡೆದ ಕೂಸಿಗೆ ನಂಜು ಬಾರದಂಗೆ.

ಮೊದಲು ಕಿಸಕ್ಕೆಂದವರೇ ಆಮೇಲೆ ದನಿಗೂಡಿಸಿದರು. ಓರಗಿತ್ತಿ ಮಾತ್ರ ಎದ್ದು ಹೊರಗೆ ಹೋದಳು...

ಅನುಗೊಂಡನಹಳ್ಳಿಯ ತನಕ ಅತ್ತೆ, ನರ್ಸಮ್ಮ ಇಬ್ಬರೂ ಹಾಡಿಕೊಂಡು ಸುತ್ತಿದರು. ಹೆಂಗಸರು ಪದ ಕಲಿತರು, ಕುಡುಗೋಲು ಬಿಡಲಿಲ್ಲ. ಸಾವಿನ ಸುದ್ದಿ ಬರುತ್ತಲೇ ಇತ್ತು. ನರ್ಸಮ್ಮನಿಗೆ ಚಳಿಜ್ವರ ಹಿಡಿಯಿತು. ದೇವನಹಳ್ಳಿಯಲ್ಲಿದ್ದ ಅಣ್ಣನ ಮನೆಗೆ ಹೊರಟ ದಿನ ಅವರ ರವಿಕೆಯ ತೋಳು ಜೋಲುತ್ತಿತ್ತು.

“ಯಾರೂ ಕೇಳ್ಳಿಲ್ಲ ನೋಡಿ,” ಅಂದರು ಅತ್ತೆಗೆ. ತುಂಬಿದ ಬಸುರಿಯಾಗಿದ್ದ ನನ್ನ ತಲೆ ಸವರಿ ಗಾಡಿ ಹತ್ತಿದರು.

ನನಗೆ ನೋವು ಬಂದದ್ದು ಕಣ ಮಾಡುವ ಕಾಲದಲ್ಲಿ. ಸೂಲಗಿತ್ತಿ ಕುಡುಗೋಲು ಹಿಡಿದು ಕುಳಿತಿದ್ದಳು. ಅತ್ತೆ ಅದನ್ನು ಕಿತ್ತು ಮೂಲೆಗಿಟ್ಟು, ಒಲೆಯ ಮೇಲೆ ಕಾಯುತ್ತಿದ್ದ ನೀರಿಗೆ ಕತ್ತರಿ ಹಾಕಿದರು.

“ನನ್ ಕೈಗುಣಕ್ಕಿಂತ ಆ ನೀರು ಹೆಚ್ಚಾ?” ಎಂದು ಸೂಲಗಿತ್ತಿ ಸಿಡುಕಿದಳು.

“ನಿನ್ ಕೈಗುಣ ಇರ್ಲಿ ಕಣೆ. ಇದೂ ಕುದೀಲಿ.”

ವಾರ ಕಳೆಯುವ ತನಕ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಎಂಟನೆಯ ದಿನವೂ ಮಗ ಬಾಯಿಬಿಟ್ಟು ಅತ್ತು ಹಾಲು ಕುಡಿದ. ಓರಗಿತ್ತಿಯೇ ಬಂದು ಅವನನ್ನು ತೊಡೆಯ ಮೇಲೆ ಹಾಕಿಕೊಂಡಳು. ನರ್ಸಮ್ಮನಿಗೆ ತಿಳಿಸಿ ಬಾ ಎಂದು ಅತ್ತೆ ದೇವನಹಳ್ಳಿಗೆ ಮೈದುನನನ್ನು ಕಳಿಸಿದರು. ಅವನು ಸಂಜೆ ಹಿಂತಿರುಗಿ ಹೊಸ್ತಿಲಾಚೆಯೇ ನಿಂತ. ಅವರು ತೀರಿಕೊಂಡು ಆಗಲೇ ತಿಂಗಳಾಗಿತ್ತು.

ಈಗ ಆ ಮಗನಿಗೆ ಮೊಮ್ಮಗಳು ಹುಟ್ಟಿದ್ದಾಳೆ, ಹೊಸಕೋಟೆಯ ಆಸ್ಪತ್ರೆಯಲ್ಲಿ. ಕೂಸಿನ ನಂಜಿನ ಭಯ ಅಲ್ಲಿ ಯಾರ ಮುಖದಲ್ಲೂ ಕಾಣಲಿಲ್ಲ. ಅತ್ತೆ ಇಲ್ಲ, ಓರಗಿತ್ತಿಯೂ ಹೋದಳು. ನನಗೂ ಸುಸ್ತು... ಯಾರೂ ಕೇಳಲಿಲ್ಲ ಅಂದುಕೊಂಡೇ ನರ್ಸಮ್ಮ ಕಣ್ಣು ಮುಚ್ಚಿದರಲ್ಲ, ಆ ಒಂದು ಸಂಕಟ ಮಾತ್ರ ಇಷ್ಟು ವರ್ಷವಾದರೂ ಆರಿಲ್ಲ.