ಆಡಿ ಹದಿನೆಂಟಕ್ಕೆ ಕಾದ ಮೇಷ್ಟ್ರು

ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ಐರ್ಲೆಂಡ್ ದೇಶಕ್ಕೊಬ್ಬ ರಾಯಭಾರಿ ಇದ್ದರೆ ಅವರು ಪ್ರೊಫೆಸರ್ ಕುಪ್ಪುಸ್ವಾಮಿಯವರು. ಆ ದೇಶವನ್ನು ಅವರು ಕಣ್ಣಾರೆ ಕಂಡಿಲ್ಲ ಎಂಬುದು ಬೇರೆ ಮಾತು. ಸೇಲಂನ ನೇಕಾರರ ಬೀದಿಯಲ್ಲಿ ಹುಟ್ಟಿ, ಮಗ್ಗದ ಸದ್ದಿನ ನಡುವೆಯೇ ಓದಿ, ಧರ್ಮಪುರಿಯ ಕಾಲೇಜೊಂದರಲ್ಲಿ ಮೂರು ದಶಕ ರಸಾಯನಶಾಸ್ತ್ರ ಬೋಧಿಸಿ ಈ ವರ್ಷ ನಿವೃತ್ತರಾದ ಅವರನ್ನು, ಪಾಠಕ್ಕಿಂತ ಹೆಚ್ಚಾಗಿ ಅವರ ಮನೆಯ ಜಗುಲಿಗಾಗಿ ನೆನೆಯುವವರೇ ಬಹಳ.

ಹೊರದೇಶದ ಓದಿಗೆ ಹಂಬಲಿಸಿದ ಮಕ್ಕಳಿಗೆಲ್ಲ ಆ ಜಗುಲಿಯಲ್ಲಿ ಕಾಫಿಯೂ ಬೈಗುಳವೂ ಸಮನಾಗಿ ಸಿಗುತ್ತಿದ್ದವು. ಎಲ್ಲರಿಗೂ ಅಲ್ಲಿನ ಟ್ರಿನಿಟಿ ಕಾಲೇಜೇ ಬೇಕು, ಹಳೆಯದು, ಹೆಸರುವಾಸಿ ಎಂದು. "ಎಸರು ನೋಡಿ ಓಗ್‌ಬ್ಯಾಡ್ರಲಾ, ನಿಮ್ ಸಬ್ಜೆಕ್ಟು ಎಲ್ಲೈತೆ ನೋಡ್ರಿ" ಎಂದು ಮೇಷ್ಟ್ರು ಗದರುತ್ತಿದ್ದರು. ವೈದ್ಯಕೀಯ ಉಪಕರಣಗಳ ಕಡೆ ಒಲವಿದ್ದವರಿಗೆ ಗಾಲ್ವೇ, ಓದುತ್ತಲೇ ಕೆಲಸ ಕಲಿಯಬೇಕೆನ್ನುವವರಿಗೆ ಲಿಮರಿಕ್, ಆಹಾರ ವಿಜ್ಞಾನಕ್ಕೆ ಕಾರ್ಕ್. ಸೀರೆಯನ್ನು ಮಗುಚಿ ಒಳಮೈ ನೋಡದೆ ಕೊಳ್ಳದ ಮನೆತನದವರಲ್ಲವೇ. ಅಲ್ಲಿಗೆ ಹೋದ ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ಬಾಡಿಗೆ ಕೋಣೆ, ಚಳಿ, ಅಡುಗೆಯವರೆಗೂ ವಿಚಾರಿಸದೆ ಯಾರಿಗೂ ಒಂದು ಊರನ್ನು ಸೂಚಿಸಿದವರಲ್ಲ.

ಇಷ್ಟು ಎಚ್ಚರದ ಮನುಷ್ಯ ಒಮ್ಮೆ ಎಡವಿದರು. ಆ ನೋವು ಅವರನ್ನು ಇಂದಿಗೂ ಬಿಟ್ಟಿಲ್ಲ.

ಪೆನ್ನಾಗರಂ ಬಳಿಯ ರಾಗಿ ಬೆಳೆಯುವ ಮನೆಯ ರೋಜಾ ಅವರ ಮೆಚ್ಚಿನ ಶಿಷ್ಯೆ. ರಾಗಿಯ ಬಗ್ಗೆಯೇ ಸಂಶೋಧನೆ ಮಾಡುವಾಸೆಯ ಆ ಹುಡುಗಿಗೆ ಕಾರ್ಕ್‌ನಲ್ಲಿ ಸೀಟು ಸಿಕ್ಕಿತು. ಜುಲೈ ಮುಗಿಯುವುದರೊಳಗೆ ಒಪ್ಪಿಗೆ ತಿಳಿಸಬೇಕಿತ್ತು. ಆದರೆ ಆಗ ಆಡಿ ತಿಂಗಳು, ತಮಿಳರ ಆಷಾಢ. ಹೊಸದೇನನ್ನೂ ಶುರುಮಾಡದ ತಿಂಗಳು. ರೋಜಾಳ ಅಜ್ಜಿ ಗೋವಿಂದಮ್ಮ ಜಗುಲಿಗೇ ಬಂದು ಕೈಮುಗಿದರು.

"ಆಡಿನಾಗೆ ಎಣ್ಮಗೂನ ಕಳ್ಸೋ ಮಾತು ಬ್ಯಾಡ ಸಾರ್. ಅದ್ನೆಂಟ್ರ ದಿನ ನಲ್ಲ ನಾಳ್. ಒಳೇಲಿ ಮುಳುಗಿ ಬಂದು ಒಪ್ಪಾನ."

ಆಡಿಯ ಹದಿನೆಂಟನೆಯ ದಿನ ಹೊಗೇನಕಲ್ಲಿನಲ್ಲಿ ಕಾವೇರಿಗೆ ಪೂಜೆ. ತಿಂಗಳಿಡೀ ಅದೊಂದೇ ಶುಭದಿನ. ಅದು ಬರುವುದು ಆಗಸ್ಟ್‌ ಮೊದಲಲ್ಲಿ. ಮೇಷ್ಟ್ರು ನಂಬುವವರಲ್ಲ, ಆದರೆ ಮುದುಕಿಯ ಮನಸ್ಸು ಮುರಿಯಲು ಮನಸ್ಸಾಗಲಿಲ್ಲ. ಹಿಂದೊಮ್ಮೆ ಬೇರೊಬ್ಬ ವಿದ್ಯಾರ್ಥಿಗೆ ಬೇರೊಂದು ಕಡೆ ಕೆಲವು ದಿನ ಸಮಯ ಸಿಕ್ಕಿತ್ತು. ಈಗಲೂ ಸಿಗುತ್ತದೆ ಎಂದು ಕಾಲಾವಕಾಶ ಕೋರಿ ಬರೆದು, ಉತ್ತರ ಬರುವ ಮೊದಲೇ "ಆಯ್ತಮ್ಮ" ಎಂದುಬಿಟ್ಟರು.

ಹದಿನೆಂಟರ ಸಂಜೆ ರೋಜಾ ಹೊಳೆಯಿಂದ ನೇರ ಬಂದಳು. ಕೆನ್ನೆಯ ಅರಿಶಿನ ಇನ್ನೂ ಆರಿರಲಿಲ್ಲ. ಕಂಪ್ಯೂಟರ್ ತೆರೆದರೆ ಕಾಲಾವಕಾಶ ಕೊಡಲಾಗದೆಂಬ ಉತ್ತರ ಬಂದಿತ್ತು, ಸೀಟು ಕೈತಪ್ಪಿತ್ತು. ಅವಳು ಅಳಲಿಲ್ಲ. "ಅಜ್ಜಿಗೆ ಯೋಳ್‌ಬ್ಯಾಡಿ ಸಾರ್, ನೊಂದ್ಕೊತಾರೆ" ಎಂದಳು. ಅವಳು ಬೈದಿದ್ದರೆ ಮೇಷ್ಟ್ರಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಮರುವರ್ಷಕ್ಕೆ ಅರ್ಜಿ ಹಾಕೋಣವೆಂದು ಅವರು ಊರಿಗೇ ಹೋಗಿ ಬೇಡಿಕೊಂಡರು. ಅಷ್ಟರಲ್ಲಿ ಅವಳಿಗೆ ಮದುವೆ ಗೊತ್ತಾಗಿತ್ತು. ಈಗ ಅವಳು ಮಾರಂಡಹಳ್ಳಿಯ ಶಾಲೆಯಲ್ಲಿ ವಿಜ್ಞಾನದ ಟೀಚರು. ಒಳ್ಳೆಯ ಟೀಚರು ಎಂದು ಜನ ಹೊಗಳಿದಾಗಲೆಲ್ಲ ಮೇಷ್ಟ್ರು ಮಾತು ಬದಲಿಸುತ್ತಾರೆ.

ಈ ವರ್ಷ, ನಿವೃತ್ತಿಯ ನಂತರದ ಮೊದಲ ಆಡಿಯಲ್ಲಿ, ರೋಜಾ ತನ್ನ ಚಿಕ್ಕಪ್ಪನ ಮಗಳು ವಾಣಿಯನ್ನು ಕರೆದುಕೊಂಡು ಬಂದಳು. ಅದೇ ಕಾರ್ಕ್, ಅದೇ ಆಹಾರ ವಿಜ್ಞಾನದ ಸೀಟು, ಒಪ್ಪಿಗೆ ತಿಳಿಸುವುದಷ್ಟೇ ಬಾಕಿ. ಹದಿನೆಂಟು ಇನ್ನೂ ದೂರವಿತ್ತು. ಒಪ್ಪಿಗೆಯ ಗುಂಡಿ ಒತ್ತಬೇಕಾದ ಮೇಷ್ಟ್ರ ಕೈ ಕಂಪ್ಯೂಟರಿನ ಮೇಲೆ ನಿಂತುಬಿಟ್ಟಿತು.

"ಅಜ್ಜಿ ಏನಂದ್ರಮ್ಮ?"

"ಕೇಳ್ಲಿಲ್ಲ ಸಾರ್. ಒತ್ತಿ" ಎಂದಳು ರೋಜಾ.

"ನೀನೇ ಒತ್ತು ತಾಯಿ."

ವಾಣಿ ತಲೆಯಾಡಿಸಿದ ಮೇಲೆ ರೋಜಾ ಒತ್ತಿದಳು. ಪರದೆಯ ಮೇಲೆ ಅಭಿನಂದನೆ ಎಂದು ಮೂಡಿತು. ವಾಣಿ ಕುಣಿಯುತ್ತ ಬೀದಿಗೆ ಓಡಿದಳು. ಉಳಿದಿಬ್ಬರೂ ಆ ಮಾತನ್ನು ನೋಡುತ್ತ ಕುಳಿತೇ ಇದ್ದರು. ಮುಚ್ಚಲು ಯಾರಿಗೂ ಅವಸರವಿರಲಿಲ್ಲ.

ಕುಪ್ಪುಸ್ವಾಮಿ ಮೇಷ್ಟ್ರಿಗೆ ದೀರ್ಘಾಯುಷ್ಯವೂ ಗದರುವ ಗಂಟಲೂ ಉಳಿದಿರಲಿ. ಇನ್ನೂ ಎಷ್ಟೋ ಮಕ್ಕಳು ಆ ಜಗುಲಿ ಹತ್ತಬೇಕಿದೆ. ಅದರ ಬಾಗಿಲು ಎಲ್ಲ ಕಾಲಕ್ಕೂ ತೆರೆದಿರಲಿ, ಆಡಿಯಲ್ಲೂ.